ನಿಮ್ಮೂರಿನ ಗಿಡಗಳ ದಫ್ತರ: ಊರ ಹೆಸರು, ವೈಜ್ಞಾನಿಕ ಹೆಸರು, ಬೆಳೆಯುವ ಜಾಗ ಬರೆದಿಡುವುದು ಹೇಗೆ

ನಮ್ಮ ಕೊಪ್ಪಳ ಸೀಮೆಯಲ್ಲಿ ಮರಕ್ಕೆ ‘ಮರ’ ಅನ್ನುವವರು ಕಡಿಮೆ. ಮುತ್ತಜ್ಜನ ಕಾಲದ ಹುಣಸೆಯೂ ಹುಣಸಿ ಗಿಡವೇ, ನಿನ್ನೆ ನೆಟ್ಟ ಸಸಿಯೂ ಗಿಡವೇ. ಮುಳ್ಳು ತುಂಬಿ ಪೊದೆಯಾಗಿ ಹಬ್ಬಿದ್ದು ಕಂಟಿ. ಹಾಗಾಗಿ ಈ ಬರಹದಲ್ಲೂ ಗಿಡ ಅಂತಲೇ ಬರೆಯುತ್ತೇನೆ. ಊರ ಗಿಡಗಳ ಹೆಸರು ಬರೆದಿಡಲು ಹೊರಟವರು ಊರವರು ಕರೆಯುವ ಹಾಗೇ ಕರೆಯಬೇಕು ಅನ್ನುವುದು ನನ್ನ ಮೊದಲ ಮಾತು.

ನಮ್ಮದು ಕುಷ್ಟಗಿ ತಾಲ್ಲೂಕಿನ ಸಣ್ಣ ಊರು. ಕೆಲವು ವರ್ಷಗಳಿಂದ ಅಲ್ಲಿನ ಗಿಡಗಳ ಒಂದು ದಫ್ತರ ಇಟ್ಟಿದ್ದೇನೆ. ಒಂದು ಜಾತಿಗೆ ಒಂದು ಪುಟ. ಪ್ರತಿ ಪುಟದಲ್ಲಿ ಮೂರು ಸಂಗತಿ ಇರಲೇಬೇಕು: ಜನ ಕರೆಯುವ ಹೆಸರು, ವೈಜ್ಞಾನಿಕ ಹೆಸರು, ಗಿಡ ನಿಂತ ಜಾಗ. ಇದರಲ್ಲಿ ಒಂದು ಬಿಟ್ಟುಹೋದರೂ ಆ ಪುಟ ಮುಂದೆ ಓದುವವರಿಗೆ ಅರ್ಧವೇ ಆಗುತ್ತದೆ. ಯಾಕೆ ಅಂತ ಬನ್ನಿಯನ್ನೇ ಇಟ್ಟುಕೊಂಡು ನೋಡೋಣ.

ಬನ್ನಿ ಅಂದರೆ ಯಾವ ಗಿಡ?

ದಸರೆಯ ದಿನ ಬನ್ನಿ ಕೊಟ್ಟು, ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಅನ್ನುತ್ತೇವೆ. ಕೈಯಲ್ಲಿರುವ ಎಲೆ ಯಾವ ಗಿಡದ್ದು ಅಂತ ಒಮ್ಮೆ ಗಮನಿಸಿ. ಒಂದೂರಲ್ಲಿ ಅದು ಸಣ್ಣ ಸಣ್ಣ ಎಲೆಗಳ, ಬೂದಿ ಬಣ್ಣದ ಪ್ರೊಸೋಪಿಸ್ ಸಿನೆರೇರಿಯಾ. ಶಮೀವೃಕ್ಷ ಅನ್ನುವುದೂ ಇದಕ್ಕೇ. ಇನ್ನೊಂದು ಕಡೆ ಕೊಕ್ಕೆಮುಳ್ಳಿನ ಸೆನೆಗಾಲಿಯಾ ಫೆರುಜಿನಿಯಾಕ್ಕೂ ಬನ್ನಿ ಅಂತಲೇ ಹೆಸರು. ಮತ್ತೊಂದು ಕಡೆ ಜನ ಹಂಚುವುದು ನಡುವೆ ಸೀಳಿದಂತೆ ಕಾಣುವ, ಒಂಟೆಯ ಹೆಜ್ಜೆಯಂಥ ಎಲೆ. ಅದು ಬೌಹಿನಿಯಾ ರೆಸಿಮೋಸಾ. ಹೆಸರು ಒಂದೇ, ಗಿಡ ಮೂರು. ಹಬ್ಬಕ್ಕೆ ಇದರಿಂದ ಯಾವ ಕೊರತೆಯೂ ಇಲ್ಲ. ಆದರೆ ‘ನಮ್ಮೂರಲ್ಲಿ 15 ಬನ್ನಿ ಗಿಡ ಇವೆ’ ಅಂತ ಬರೆದಿಟ್ಟರೆ, ಐವತ್ತು ವರ್ಷದ ನಂತರ ಓದುವವರಿಗೆ ಯಾವ 15 ಅಂತ ಹೇಗೆ ಗೊತ್ತಾಗಬೇಕು?

ಇದರ ಉಲ್ಟಾ ಕೂಡ ಆಗುತ್ತದೆ. ನಾವು ಬಾರಿಹಣ್ಣು ಅನ್ನುವುದನ್ನು ಕೆಲವರು ಬೋರೆ ಅನ್ನುತ್ತಾರೆ. ಮೈಸೂರು ಕಡೆ ಅದು ಎಲಚಿ. ರಾಯಚೂರು, ಬಳ್ಳಾರಿಯ ತೆಲುಗು ಮನೆಗಳಲ್ಲಿ ರೇಗು, ಉರ್ದು ಆಡುವವರಿಗೆ ಬೇರ್. ಗಿಡ ಮಾತ್ರ ಒಂದೇ, ಜಿಜಿಫಸ್ ಮಾರಿಷಿಯಾನಾ. ಈ ಎಲ್ಲ ಹೆಸರನ್ನೂ ಕೂಡಿಸಿ ಕಟ್ಟುವ ದಾರ ಅಂದರೆ ಆ ವೈಜ್ಞಾನಿಕ ಹೆಸರು. ದಾರವಷ್ಟೇ ಇಟ್ಟುಕೊಂಡು ಹೂವು ಎಸೆಯಬಾರದು, ಅಲ್ವಾ? ಊರ ಹೆಸರುಗಳನ್ನು ಅಷ್ಟೇ ಜೋಪಾನವಾಗಿ ಬರೆಯಬೇಕು.

ಮೊದಲು ಗಡಿ ಗೊತ್ತು ಮಾಡಿಕೊಳ್ಳಿ

ಇಡೀ ತಾಲ್ಲೂಕು ಅಂತ ಹೊರಟರೆ ಎರಡು ವಾರಕ್ಕೆ ಕೈ ಸೋಲುತ್ತದೆ. ಊರ ಅಗಸಿಯಿಂದ ಹಳ್ಳದವರೆಗೆ, ಅಥವಾ ನಿಮ್ಮ ಹೊಲದ ನಾಲ್ಕು ಬದು, ಅಥವಾ ಶಾಲೆ ಮತ್ತು ಗುಡಿಯ ಸುತ್ತ. ಇಷ್ಟು ಸಾಕು. ಮೊದಲ ತಿಂಗಳಿಗೆ 20 ಜಾತಿ ಸಿಕ್ಕರೆ ಜಾಸ್ತಿಯೇ ಆಯಿತು.

ಬೇಕಾಗುವ ಸಾಮಾನು ಸ್ವಲ್ಪವೇ. 200 ಪುಟದ ಗಟ್ಟಿ ನೋಟ್‌ಬುಕ್, ಪೆನ್ಸಿಲ್, ದರ್ಜಿಯವರ ಅಳತೆ ಟೇಪು, ಹಳೆಯ ಪತ್ರಿಕೆಗಳು, ಕ್ಯಾಮೆರಾ ಇರುವ ಫೋನು. ಪೆನ್ನಿಗಿಂತ ಪೆನ್ಸಿಲ್ ಮೇಲು, ಮಳೆಹನಿ ಬಿದ್ದರೂ ಅಕ್ಷರ ಕದಡುವುದಿಲ್ಲ.

ಹೆಸರು ಕೇಳುವ ರೀತಿ

ಬಹಳ ಜನ ಇಲ್ಲಿಯೇ ತಪ್ಪುತ್ತಾರೆ. ಮೊದಲು ಫೋನಿನಲ್ಲಿ ಹುಡುಕಿ, ಆಮೇಲೆ ಹಿರಿಯರ ಹತ್ತಿರ ಹೋಗಿ ‘ಇದು ಹೊಂಗೆ ಅಲ್ವಾ?’ ಅಂತ ಕೇಳುತ್ತಾರೆ. ನಮ್ಮ ಕಡೆ ಹಿರಿಯರು ಬಂದವರ ಮನಸ್ಸು ನೋಯಿಸುವುದಿಲ್ಲ. ‘ಹೂನಪಾ, ಅದ ಇರಬೇಕು’ ಅಂದುಬಿಡುತ್ತಾರೆ. ಅವರ ಬಾಯಲ್ಲಿದ್ದ ನಿಜವಾದ ಹೆಸರು ಒಳಗೇ ಉಳಿದುಹೋಗುತ್ತದೆ.

ಆದ್ದರಿಂದ ಹೆಸರು ನೀವು ಹೇಳಲೇಬೇಡಿ. ಗಿಡದ ಹತ್ತಿರ ಕರೆದುಕೊಂಡು ಹೋಗಿ, ಇಲ್ಲವೇ ಎಲೆ, ಹೂವು, ಕಾಯಿ ಮೂರೂ ಇರುವ ಒಂದು ರೆಂಬೆ ತೋರಿಸಿ. ‘ಅಜ್ಜಾರ, ಇದಕ್ಕ ನೀವು ಏನಂತೀರಿ?’ ಅಷ್ಟೇ ಕೇಳಿ ಸುಮ್ಮನಿರಿ. ಮುಂದಿನ ಪ್ರಶ್ನೆ, ‘ಇದರಾಗ ಬ್ಯಾರೆ ಜಾತಿ ಅದಾವೇನ್ರಿ?’ ಈ ಎರಡನೇ ಪ್ರಶ್ನೆಗೆ ಸಿಗುವ ಉತ್ತರವೇ ಚಿನ್ನ. ಕರಿಜಾಲಿ, ಬಿಳಿಜಾಲಿ ಅಂತ ಬೇರೆ ಬೇರೆ ಇವೆ ಎಂದು ನನಗೆ ಗೊತ್ತಾಗಿದ್ದು ಹೀಗೇ. ಒಬ್ಬ ಕುರಿ ಕಾಯುವ ಹಿರಿಯರು, ‘ಯಪ್ಪಾ, ಎಲ್ಲಾನೂ ಜಾಲಿ ಅಂದ್ರ ಹ್ಯಾಂಗ? ತೊಗಟಿ ನೋಡು’ ಅಂದರು.

ಯಾರನ್ನು ಕೇಳಬೇಕು? ಕುರಿ, ಆಡು ಕಾಯುವವರನ್ನು ಮೊದಲು. ಯಾವ ಎಲೆ ಯಾವ ತಿಂಗಳು ಸಿಗುತ್ತದೆ ಅಂತ ಅವರಿಗೆ ಬಾಯಿಪಾಠ. ನಂತರ ಬಡಿಗೇರು, ಅವರಿಗೆ ಕಟ್ಟಿಗೆಯ ಒಳಗಿನ ಬಣ್ಣ ಗೊತ್ತು. ಸೂಲಗಿತ್ತಿ ಅಜ್ಜಿಯರು, ನಾಟಿ ವೈದ್ಯರು, ಉರುವಲಿಗೆ ಹೋಗುವ ಹೆಣ್ಣುಮಕ್ಕಳು. ಒಬ್ಬರು ಹೇಳಿದ್ದನ್ನೇ ನಂಬಬೇಡಿ, ಮೂರು ಜನರ ಹತ್ತಿರ ಕೇಳಿ. ಮೂವರು ಮೂರು ಹೆಸರು ಹೇಳಿದರೆ ಮೂರನ್ನೂ ಬರೆಯಿರಿ. ‘ಸರಿ’ ಹೆಸರು ಯಾವುದು ಅಂತ ತೀರ್ಪು ಕೊಡುವ ಕೆಲಸ ನಮ್ಮದಲ್ಲ. ಉಚ್ಚಾರ ಹೇಗಿದೆಯೋ ಹಾಗೆ ಬರೆಯಿರಿ. ‘ಹುಣಸಿ’ ಅಂದರೆ ‘ಹುಣಸಿ’, ಅದನ್ನು ‘ಹುಣಸೆ’ ಅಂತ ತಿದ್ದಬೇಡಿ.

ಭಾಷೆಯ ಅಂಕಣ ಮರೆಯಬೇಡಿ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಬಳ್ಳಾರಿ 1953ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ಹಾಗಾಗಿ ಇಲ್ಲಿನ ಒಂದೊಂದು ಗಿಡಕ್ಕೂ ಕನ್ನಡ, ತೆಲುಗು, ಉರ್ದು ಮೂರು ಹೆಸರು ಓಡಾಡುತ್ತವೆ. ಬೇವು, ವೇಪ, ನೀಮ್. ಹುಣಸೆ, ಚಿಂತ, ಇಮ್ಲಿ. ಮುತ್ತುಗ, ಮೋದುಗ, ಪಲಾಶ್. ಹೊಂಗೆ, ಕಾನುಗ, ಕರಂಜ್. ಮೂರನ್ನೂ ಬರೆದಿಟ್ಟರೆ ಊರಿನ ಪ್ರತಿ ಓಣಿಯವರಿಗೂ ಈ ದಫ್ತರ ತಮ್ಮದು ಅನ್ನಿಸುತ್ತದೆ.

ಊರ ಹೆಸರುಗಳಲ್ಲೂ ಸುಳಿವಿದೆ. ಯಲಬುರ್ಗಾ ಕಡೆಯ ಬೇವೂರು, ಕುಕನೂರು ಕಡೆಯ ಬನ್ನಿಕೊಪ್ಪ. ಇಂಥ ಊರಿನವರಾದರೆ ಹೆಸರಿಗೆ ಕಾರಣವಾದ ಗಿಡ ಈಗಲೂ ಉಳಿದಿದೆಯಾ ಅಂತ ಹಿರಿಯರನ್ನು ಕೇಳಿ ಮೊದಲ ಪುಟ ಅದಕ್ಕೇ ಕೊಡಿ.

ಗಿಡ ನೋಡುವುದು

ದೂರದಿಂದ ಹತ್ತಿರಕ್ಕೆ ಬನ್ನಿ. ಮೊದಲು ಒಟ್ಟು ಆಕಾರ, ಆಮೇಲೆ ತೊಗಟೆ, ಆಮೇಲೆ ಎಲೆ, ಕೊನೆಗೆ ಹೂವು, ಕಾಯಿ, ಮುಳ್ಳು.

ಎಲೆಯ ವಿಷಯದಲ್ಲಿ ಒಂದು ಗುಟ್ಟು ಕಲಿತರೆ ಅರ್ಧ ಕೆಲಸ ಮುಗಿಯಿತು. ಬೇವಿನ ಕಡ್ಡಿಯಲ್ಲಿ ಸಾಲಾಗಿ ಕಾಣುವ ಒಂದೊಂದೂ ಎಲೆಯಲ್ಲ, ಕಿರುಎಲೆ. ಇಡೀ ಕಡ್ಡಿ ಸೇರಿ ಒಂದು ಎಲೆ. ಹೇಗೆ ಗೊತ್ತಾಗುತ್ತದೆ? ಎಲೆಯ ತೊಟ್ಟು ಕೊಂಬೆಗೆ ಸೇರುವ ಕಂಕುಳಲ್ಲಿ ಒಂದು ಸಣ್ಣ ಮೊಗ್ಗು ಇರುತ್ತದೆ. ಕಿರುಎಲೆಯ ಬುಡದಲ್ಲಿ ಆ ಮೊಗ್ಗು ಇರುವುದಿಲ್ಲ. ಮೊಗ್ಗು ಹುಡುಕಿ, ಅಲ್ಲಿಂದ ಒಂದು ಎಲೆ ಅಂತ ಲೆಕ್ಕ ಹಿಡಿಯಿರಿ. ಅರಳಿ, ಆಲ, ನೇರಳೆ ಒಂಟಿ ಎಲೆಯವು. ಬೇವು, ಹೊಂಗೆ, ಹುಣಸೆ, ಕಕ್ಕೆ ಒಮ್ಮೆ ಒಡೆದ ಎಲೆಯವು. ಜಾಲಿ, ಬಾಗೆ, ಗುಲ್‌ಮೊಹರ್ ಎರಡು ಸಲ ಒಡೆದವು, ಅಂದರೆ ಕಡ್ಡಿಯಿಂದ ಮತ್ತೆ ಕಡ್ಡಿ ಕವಲೊಡೆದು ಅದರ ಮೇಲೆ ಕಿರುಎಲೆ.

ಆಮೇಲೆ ಎಲೆ ಎದುರುಬದುರಾಗಿ ಹುಟ್ಟಿದೆಯಾ, ಒಂದು ಆಚೆ ಒಂದು ಈಚೆ ಹುಟ್ಟಿದೆಯಾ ನೋಡಿ. ನೇರಳೆಯದು ಎದುರುಬದುರು, ಅರಳಿಯದು ಆಚೆ ಈಚೆ. ಎಲೆ ಕಿತ್ತಾಗ ಹಾಲು ಬಂತಾ? ಅರಳಿ, ಆಲ, ಅತ್ತಿ, ಬಸರಿಯಲ್ಲಿ ಬರುತ್ತದೆ. ಉಜ್ಜಿ ಮೂಸಿ ನೋಡಿ. ಬಿಲ್ವಪತ್ರೆ ಘಮಘಮ ಅನ್ನುತ್ತದೆ, ತಪಸಿಯ ಎಲೆ ಉಜ್ಜಿದರೆ ಕೆಟ್ಟ ವಾಸನೆ. ಆದರೆ ನಾಲಿಗೆಗೆ ಮಾತ್ರ ಹಚ್ಚಬೇಡಿ. ಹಾಲು ಬರುವ ಗೊತ್ತಿಲ್ಲದ ಗಿಡ ಮುಟ್ಟಿದ ಕೈಯಿಂದ ಕಣ್ಣು ಉಜ್ಜಲೂ ಬೇಡಿ. ಹಳದಿ ಹೂವಿನ ಕಾಡುಕಣಗಿಲೆಯ ಬೀಜ ಪ್ರಾಣ ತೆಗೆಯುವಂಥ ವಿಷ. ಮಕ್ಕಳನ್ನು ಕರೆದುಕೊಂಡು ಹೋಗುವವರು ಇದನ್ನು ಮೊದಲ ದಿನವೇ ಹೇಳಿಬಿಡಿ.

ಜಾಲಿಯಲ್ಲಿ ಕೈ ಪಳಗಿಸಿಕೊಳ್ಳಿ

ಕೊಪ್ಪಳ, ರಾಯಚೂರು, ಬಳ್ಳಾರಿ, ನಮ್ಮ ಈ ಮೂರು ಜಿಲ್ಲೆಯಲ್ಲಿ ಗಿಡ ಗುರುತಿಸಲು ಕಲಿಯುವವರಿಗೆ ಜಾಲಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಬಸ್ಸಿನ ಕಿಟಕಿಯಿಂದ ಎಲ್ಲ ಒಂದೇ ಥರ ಕಾಣುತ್ತವೆ. ಇಳಿದು ಹತ್ತಿರ ಹೋದರೆ ಒಂದೂ ಇನ್ನೊಂದರ ಹಾಗಿಲ್ಲ.

ಕರಿಜಾಲಿ, ವ್ಯಾಚೆಲಿಯಾ ನಿಲೋಟಿಕಾ. ತೊಗಟೆ ಕಪ್ಪಗೆ, ಉದ್ದುದ್ದ ಸೀಳು ಬಿಟ್ಟಿರುತ್ತದೆ. ಮುಳ್ಳು ಬೆಳ್ಳಗೆ, ನೆಟ್ಟಗೆ, ಜೋಡಿ ಜೋಡಿ. ಹೂವು ಹಳದಿ ಗುಂಡು, ಪುಟ್ಟ ಚೆಂಡಿನಂತೆ. ಕಾಯಿಯನ್ನು ನೋಡಿದರೆ ಮತ್ತೆ ಮರೆಯುವುದಿಲ್ಲ. ಬೀಜ ಬೀಜದ ನಡುವೆ ಹಿಸುಕಿದಂತಿದ್ದು ಮಣಿಸರದ ಹಾಗೆ ಜೋತಾಡುತ್ತದೆ. ಎರೆ, ಅಂದರೆ ಕಪ್ಪುಮಣ್ಣಿನ ಹೊಲದ ಬದು, ಕೆರೆಯಂಗಳ ಇದರ ಮನೆ. ‘ನಿಲೋಟಿಕಾ’ ಅಂದರೆ ನೈಲ್ ನದಿಯ ಕಡೆಯದು ಅಂತ.

ಬಿಳಿಜಾಲಿ, ವ್ಯಾಚೆಲಿಯಾ ಲ್ಯೂಕೋಫ್ಲೋಯಿಯಾ. ಕುರಿಗಾಹಿ ಅಜ್ಜ ಹೇಳಿದ ತೊಗಟೆಯ ಗುರುತು ಇದರದ್ದೇ. ಬಿಳಿ, ತೆಳುಹಳದಿ ತೊಗಟೆ. ಹೆಸರಿನ ಗ್ರೀಕ್ ಮೂಲ ಹುಡುಕಿದಾಗ ನನಗೆ ರೋಮಾಂಚನವಾಯಿತು. ‘ಲ್ಯೂಕೋ’ ಬಿಳಿ, ‘ಫ್ಲೋಯ್’ ತೊಗಟೆ. ಆ ಅಜ್ಜ ನೋಡಿದ್ದನ್ನೇ ವಿಜ್ಞಾನಿಯೂ ನೋಡಿದ್ದಾನೆ. ಮಳೆಗಾಲದಲ್ಲಿ ಕೊಂಬೆಯ ತುದಿಗೆ ದೊಡ್ಡ ದೊಡ್ಡ ಗೊಂಚಲಲ್ಲಿ ಕೆನೆಬಣ್ಣದ ಪುಟ್ಟ ಗುಂಡುಹೂವು ಬಿಡುತ್ತದೆ. ಕಾಯಿ ಚಪ್ಪಟೆ, ಸ್ವಲ್ಪ ಬಾಗಿದ್ದು.

ಬಳ್ಳಾರಿ ಜಾಲಿ, ನೆಲ್ಟುಮಾ ಜೂಲಿಫ್ಲೋರಾ. ಹೆಸರಲ್ಲಿ ಬಳ್ಳಾರಿ ಇದ್ದರೂ ಇದು ಬಳ್ಳಾರಿಯದಲ್ಲ. ಮೆಕ್ಸಿಕೋ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಉತ್ತರ ಭಾಗದ ಗಿಡ. 1877ರ ಹೊತ್ತಿಗೆ ಕಡಪ ಸೀಮೆಯಲ್ಲಿ ಬಿತ್ತಿದ್ದರು. ಹೂವು ಗುಂಡಲ್ಲ, ಬೆರಳುದ್ದದ ಹಸಿರುಹಳದಿ ತೆನೆ. ಕಾಯಿ ಒಣಹುಲ್ಲಿನ ಬಣ್ಣದ್ದು, ಒಳಗೆ ಸಿಹಿ. ದನ, ಆಡು ಆ ಸಿಹಿಗೆ ತಿನ್ನುತ್ತವೆ, ಬೀಜ ಸಗಣಿಯಲ್ಲಿ, ಹಿಕ್ಕೆಯಲ್ಲಿ ಹೊರಬಂದು ಬಿದ್ದಲ್ಲಿ ಮೊಳೆಯುತ್ತದೆ. ಬೀಳು ಭೂಮಿ, ಹಳ್ಳದ ದಂಡೆ ತುಂಬಿಕೊಂಡಿದ್ದು ಹೀಗೆ. ಎಲೆಯಲ್ಲಿ ಒಂದೆರಡು ಜೋಡಿ ಕವಲು, ಹೆಚ್ಚೆಂದರೆ ಮೂರು. ಕರಿಜಾಲಿಯಲ್ಲಿ ಕವಲು ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ. ಹೂವು ಇಲ್ಲದ ಕಾಲದಲ್ಲಿ ಈ ಲೆಕ್ಕ ಕೈಹಿಡಿಯುತ್ತದೆ.

ಇನ್ನು ಬನ್ನಿ, ಪ್ರೊಸೋಪಿಸ್ ಸಿನೆರೇರಿಯಾ. ಇದರದ್ದೂ ತೆನೆಹೂವು, ಹಾಗಾಗಿ ಬಳ್ಳಾರಿ ಜಾಲಿ ಅಂತ ಮೋಸಹೋಗುವುದು ಸುಲಭ. ಮುಳ್ಳು ನೋಡಿ. ಬನ್ನಿಯ ಮುಳ್ಳು ಸಣ್ಣದು, ಬುಡ ಅಗಲ, ಗೆಣ್ಣುಗಳ ನಡುವೆ ಅಲ್ಲಲ್ಲಿ ಚದುರಿರುತ್ತದೆ. ಬಳ್ಳಾರಿ ಜಾಲಿಯದು ಎಲೆ ಹುಟ್ಟುವ ಗೆಣ್ಣಿನಲ್ಲೇ ಇರುತ್ತದೆ. ಕಂಟಿ ತೆಗೆಸುವಾಗ ಈ ಗುರುತು ತಿಳಿಯದೆ ಬನ್ನಿಯನ್ನೂ ಕಡಿದುಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದು ನನಗೆ ಇವತ್ತಿಗೂ ಸಂಕಟ. ಜೆಸಿಬಿ ಬರುವ ಮೊದಲು ಬನ್ನಿಗಳಿಗೆ ಸುಣ್ಣದ ಪಟ್ಟಿ ಬಳಿದಿಡಿ.

ಬೇವೆಂದು ಬಂದದ್ದೆಲ್ಲ ಬೇವಲ್ಲ

ಹೊಲದ ಬದುವಿಗೆ ಅಂತ ಒಂದು ನರ್ಸರಿಯಿಂದ 40 ಬೇವಿನ ಸಸಿ ತಂದಿದ್ದೆ. ಎರಡನೇ ವರ್ಷಕ್ಕೆ ಕಾಂಡ ನೆಟ್ಟಗೆ ಕಂಬದಂತೆ ಏರಿತು, ನೆರಳೇ ಇಲ್ಲ. ಅವು ಹೆಬ್ಬೇವು, ಮೀಲಿಯಾ ಡ್ಯೂಬಿಯಾ. ಪ್ಲೈವುಡ್ಡಿಗೆ ಬೆಳೆಸುವ ಗಿಡ. ಅದರಲ್ಲಿ ತಪ್ಪೇನಿಲ್ಲ, ಆದರೆ ನನಗೆ ಬೇಕಿದ್ದದ್ದು ದನ ಮಲಗುವ ನೆರಳು. ಸಸಿಯಲ್ಲೇ ಗುರುತು ಹಿಡಿಯಬಹುದಿತ್ತು. ಬೇವು, ಅಂದರೆ ಅಜಾಡಿರಾಕ್ಟಾ ಇಂಡಿಕಾದ ಎಲೆ ಒಮ್ಮೆ ಮಾತ್ರ ಒಡೆಯುತ್ತದೆ. ಕಿರುಎಲೆ ಗರಗಸದಂಚಿನದು, ಕತ್ತಿಯಂತೆ ಬಾಗಿ, ಬುಡದಲ್ಲಿ ಒಂದು ಪಕ್ಕ ಕಿರಿದಾಗಿರುತ್ತದೆ. ಹೆಬ್ಬೇವಿನ ಎಲೆ ಎರಡು ಮೂರು ಸಲ ಒಡೆಯುತ್ತದೆ. ಸಸಿ ಕೊಳ್ಳುವಾಗ ಎಲೆ ಎತ್ತಿ ನೋಡಿ, ಚೀಟಿಯಲ್ಲಿ ವೈಜ್ಞಾನಿಕ ಹೆಸರು ಬರೆಸಿಕೊಳ್ಳಿ.

ಕರಿಬೇವಂತೂ ಬೇವಿನ ನಂಟೇ ಅಲ್ಲ. ಅದು ನಿಂಬೆ, ಬಿಲ್ವಪತ್ರೆಯ ಕುಟುಂಬದ್ದು. ಸವಣೂರಿನ ಮಠದಲ್ಲಿರುವ ‘ದೊಡ್ಡ ಹುಣಸೆ’ಗಳೂ ಹುಣಸೆಯಲ್ಲ, ಆಫ್ರಿಕಾದ ಅಡನ್ಸೋನಿಯಾ ಡಿಜಿಟಾಟಾ. ಇನ್ನು ನಮ್ಮ ಹುಣಸೆಯ ಹೆಸರು ಟಮರಿಂಡಸ್ ಇಂಡಿಕಾ, ‘ಇಂಡಿಯಾದ ಹುಣಸೆ’. ಆದರೆ ಅದರ ತವರು ಆಫ್ರಿಕಾ. ವೈಜ್ಞಾನಿಕ ಹೆಸರೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ.

ವೈಜ್ಞಾನಿಕ ಹೆಸರಿನ ಒಳಗೆ ಏನಿದೆ?

ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಎಲ್ಲ ಸಸ್ಯಕ್ಕೂ ಎರಡು ಪದದ ಹೆಸರು ಕೊಡುವ ಪದ್ಧತಿ ಗಟ್ಟಿ ಮಾಡಿದ. ಮೊದಲ ಪದ ಮನೆತನ, ಎರಡನೆಯದು ಆ ಗಿಡದ ಸ್ವಂತದ್ದು. ನಮ್ಮ ಕಡೆ ಬೇವಿನಕಟ್ಟಿ, ಆಲದಕಟ್ಟಿ, ಹುಣಸಿಮರದ ಅಂತ ಅಡ್ಡಹೆಸರು ಇರುತ್ತದಲ್ಲ, ಹಾಗೆ. ಇಲ್ಲಿ ಅಡ್ಡಹೆಸರು ಮುಂದೆ ಬರುತ್ತದೆ ಅಷ್ಟೇ. ಆಲ ಫೈಕಸ್ ಬೆಂಗಾಲೆನ್ಸಿಸ್, ಅರಳಿ ಫೈಕಸ್ ರಿಲಿಜಿಯೋಸಾ, ಅತ್ತಿ ಫೈಕಸ್ ರೆಸಿಮೋಸಾ. ಮೂರೂ ಒಂದೇ ಮನೆತನ. ಎಲೆ ಕಿತ್ತರೆ ಮೂರರಲ್ಲೂ ಹಾಲು ಬರುವುದು ಸುಮ್ನೆ ಅಲ್ಲ.

ರೋಮನ್ ಲಿಪಿಯಲ್ಲಿ ಬರೆಯುವಾಗ ಮೊದಲ ಪದದ ಮೊದಲ ಅಕ್ಷರ ದೊಡ್ಡದು, ಎರಡನೇ ಪದ ಪೂರ್ತಿ ಚಿಕ್ಕಕ್ಷರ. ಅಚ್ಚಿನಲ್ಲಿ ಓರೆ ಅಕ್ಷರ, ಕೈಬರಹದಲ್ಲಿ ಕೆಳಗೆ ಗೆರೆ. ದಫ್ತರದಲ್ಲಿ ರೋಮನ್ ಲಿಪಿಯಲ್ಲೂ ಬರೆಯಿರಿ, ಓದಿಕೊಳ್ಳಲು ಕನ್ನಡದಲ್ಲೂ ಬರೆಯಿರಿ.

ಬಾಯಿಪಾಠ ಮಾಡಲು ಕಷ್ಟ ಅನ್ನುವವರಿಗೆ ನನ್ನ ಉಪಾಯ, ಅರ್ಥ ಹುಡುಕುವುದು. ಮುತ್ತುಗ ಬ್ಯೂಟಿಯಾ ಮೋನೋಸ್ಪರ್ಮಾ. ‘ಮೋನೋಸ್ಪರ್ಮಾ’ ಅಂದರೆ ಒಂದೇ ಬೀಜದ್ದು. ಅದರ ಕಾಯಿ ಬಿಡಿಸಿ ನೋಡಿ, ತುದಿಯಲ್ಲಿ ಒಂದೇ ಬೀಜ. ಕಕ್ಕೆ ಕ್ಯಾಸಿಯಾ ಫಿಸ್ಟುಲಾ. ‘ಫಿಸ್ಟುಲಾ’ ಅಂದರೆ ಕೊಳವೆ, ಕಾಯಿ ಕೊಳವೆಯಂತೆಯೇ ಇದೆ. ಬೇವಿನ ‘ಅಜಾಡಿರಾಕ್ಟಾ’ ಪಾರಸಿಯ ಆಜಾದ್ ದರಖ್ತ್‌ನಿಂದ ಬಂದದ್ದು, ಸ್ವತಂತ್ರ ಮರ ಅಂತ. ರಾಯಚೂರಿನ ಉರ್ದು ಬಲ್ಲ ಹಿರಿಯರಿಗೆ ಈ ಹೆಸರು ಒಮ್ಮೆ ಓದಿ ಹೇಳಿ, ಅವರೇ ನಿಮಗೆ ಅರ್ಥ ಬಿಡಿಸುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹೊಂಗೆ. ಪೊಂಗಾಮಿಯಾ ಪಿನ್ನಾಟಾ. ‘ಪೊಂಗಾಮಿಯಾ’ ತಮಿಳು, ಮಲಯಾಳದ ಪುಂಗಂ, ಪೊಂಗಂ ಎಂಬ ಹೆಸರಿನಿಂದ ಆದದ್ದು. ಹಳಗನ್ನಡದ ‘ಪ’ ಈಗ ‘ಹ’ ಆಗಿದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಪೊಂಗಂ ಮತ್ತು ಹೊಂಗೆ ಒಂದೇ ಬೇರಿನವು. ಲ್ಯಾಟಿನ್ ಅಂದುಕೊಂಡು ಹೆದರಿದ್ದ ಹೆಸರಿನೊಳಗೆ ನಮ್ಮ ನುಡಿಯೇ ಕೂತಿದೆ!

ಹೆಸರು ಹುಡುಕುವ ದಾರಿ ಹೀಗೆ. ಎಲೆಯ ಮೇಲ್ಮೈ, ಕೆಳಮೈ, ತೊಗಟೆ, ಹೂವು, ಕಾಯಿ, ಇಡೀ ಗಿಡ, ಹೀಗೆ ಆರು ಫೋಟೋ ತೆಗೆಯಿರಿ. ಒಂದೇ ಫೋಟೋ ನೋಡಿ ಗೂಗಲ್ ಲೆನ್ಸ್ ಹೇಳುವುದನ್ನು ಅಂತಿಮ ಅಂದುಕೊಳ್ಳಬೇಡಿ. ಜಾಲಿಗಳಲ್ಲಿ ಅದು ಬಹಳ ಸಲ ತಪ್ಪುತ್ತದೆ. ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿದರೆ ಬಲ್ಲವರು ನೋಡಿ ತಿದ್ದುತ್ತಾರೆ. ಹತ್ತಿರದ ಡಿಗ್ರಿ ಕಾಲೇಜಿನ ಸಸ್ಯಶಾಸ್ತ್ರ ಮೇಷ್ಟ್ರಿಗೆ ಒಣಗಿಸಿದ ರೆಂಬೆ ತೋರಿಸುವುದು ಇನ್ನೂ ಒಳ್ಳೆಯದು. ಒಣಗಿಸಲು ರೆಂಬೆಯನ್ನು ಪತ್ರಿಕೆಗಳ ನಡುವೆ ಹರಡಿ ಮೇಲೆ ಭಾರ ಇಡಿ. ಮೊದಲ ವಾರ ದಿನವೂ ಕಾಗದ ಬದಲಿಸಿ, ಇಲ್ಲದಿದ್ದರೆ ಬೂಸಲು ಹಿಡಿಯುತ್ತದೆ.

ಹಳೆಯ ಹೆಸರು, ಹೊಸ ಹೆಸರು ಅಂತ ಗಾಬರಿಯಾಗಬೇಡಿ. ಬಳ್ಳಾರಿ ಜಾಲಿ ಬಿಟ್ಟರೆ ನಮ್ಮ ಜಾಲಿಗಳೆಲ್ಲ ಮೊದಲು ಅಕೇಶಿಯಾ ಆಗಿದ್ದವು. 2005ರಲ್ಲಿ ವಿಯೆನ್ನಾದಲ್ಲಿ ನಡೆದ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನ ಆ ಹೆಸರನ್ನು ಆಸ್ಟ್ರೇಲಿಯಾದ ಗುಂಪಿಗೆ ಕೊಟ್ಟಿತು. 2011ರಲ್ಲಿ ಮೆಲ್ಬರ್ನ್ ಸಮ್ಮೇಳನ ಅದನ್ನೇ ಎತ್ತಿಹಿಡಿಯಿತು. ನಮ್ಮವು ವ್ಯಾಚೆಲಿಯಾ, ಸೆನೆಗಾಲಿಯಾ ಆದವು. ಬಳ್ಳಾರಿ ಜಾಲಿ 2022ರವರೆಗೆ ಪ್ರೊಸೋಪಿಸ್ ಜೂಲಿಫ್ಲೋರಾ ಆಗಿತ್ತು, ಈಗ ನೆಲ್ಟುಮಾ. ಪ್ರೊಸೋಪಿಸ್ ಹೆಸರು ನಮ್ಮ ಬನ್ನಿಗೆ ಉಳಿಯಿತು. ಗುಡ್ಡದ ದಿಂಡಿಗ ಅನೋಗೈಸಸ್ ಲ್ಯಾಟಿಫೋಲಿಯಾದಿಂದ ಟರ್ಮಿನಾಲಿಯಾ ಅನೋಗೈಸಿಯಾನಾ ಆಯಿತು. ದಫ್ತರದಲ್ಲಿ ಎರಡೂ ಬರೆಯಿರಿ. ಸರ್ಕಾರಿ ಕಾಗದಗಳಲ್ಲಿ, ಹಳೆಯ ಪುಸ್ತಕಗಳಲ್ಲಿ ಹಳೆಯದೇ ಇರುತ್ತದೆ. ಲಂಡನ್ನಿನ ಕ್ಯೂ ಉದ್ಯಾನದವರು ನಡೆಸುವ ‘ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್’ ತಾಣದಲ್ಲಿ ಹಳೆಯ ಹೆಸರು ಹಾಕಿದರೆ ಈಗ ಒಪ್ಪಿದ ಹೆಸರು ಸಿಗುತ್ತದೆ.

ಜಾಗ ಬರೆಯುವುದು

‘ಹೊಲದಲ್ಲಿದೆ’ ಅಂದರೆ ಸಾಲದು. ಎರೆ ಹೊಲವೋ, ಕೆಂಪುಮಣ್ಣಿನ ಮಸಾರಿಯೋ? ಬದುವೋ, ಹಳ್ಳದ ದಂಡೆಯೋ, ಬಂಡೆಯ ಸಂದೋ? ತಾನಾಗಿ ಹುಟ್ಟಿದ್ದೋ, ಯಾರಾದರೂ ನೆಟ್ಟದ್ದೋ? ಈ ಮೂರಕ್ಕೆ ಉತ್ತರ ಇರಲಿ.

ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆ ನಮ್ಮದು. ಇಲ್ಲಿ ಗಿಡ ಎಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸುವುದು ನೀರು ಮತ್ತು ಮಣ್ಣು. ಹಳ್ಳದ ದಂಡೆಗೆ ಹೊಂಗೆ, ಅತ್ತಿ, ನೇರಳೆ, ಈಚಲು. ತುಂಗಭದ್ರೆಯ ದಂಡೆಗೆ ಹೊಳೆಮತ್ತಿ, ಅಂದರೆ ಟರ್ಮಿನಾಲಿಯಾ ಅರ್ಜುನಾ. ಎರೆ ಹೊಲದಲ್ಲಿ ಬೇವು, ಕರಿಜಾಲಿ. ಮಸಾರಿಯಲ್ಲಿ ಬಾರಿ, ಬಿಳಿಜಾಲಿ, ಸೀತಾಫಲ. ಸಂಡೂರಿನ ಗುಡ್ಡ ಹತ್ತಿದರೆ ಲೋಕವೇ ಬೇರೆ, ದಿಂಡಿಗ, ಕಗ್ಗಲಿ, ಮುತ್ತುಗ, ಮಸಿವಾಳ. ಆನೆಗೊಂದಿ, ಹಂಪಿಯ ಬಂಡೆ ಸಂದುಗಳಲ್ಲಿ, ಮುದಗಲ್ ಕೋಟೆಗೋಡೆಯಲ್ಲಿ ಆಲ, ಅರಳಿ ಬೇರು ಇಳಿಸಿರುತ್ತವೆ. ಅವನ್ನು ಹಕ್ಕಿಗಳು ಬಿತ್ತಿದವು. ತುಂಗಭದ್ರಾ ಅಣೆಕಟ್ಟಿನ ನೀರು 1953ರಿಂದ ಕಾಲುವೆಗೆ ಬಂದ ಮೇಲೆ ಗಂಗಾವತಿ, ಸಿಂಧನೂರು ಕಡೆಯ ನೆಲ ಬದಲಾಯಿತು. ಅಲ್ಲಿ ಕಾಲುವೆ ಬರುವ ಮೊದಲಿನ ಗಿಡ ಯಾವುದು, ನಂತರದ್ದು ಯಾವುದು ಅಂತ ಹಿರಿಯರನ್ನು ಕೇಳಿ ಬೇರೆ ಬರೆಯಿರಿ.

ಫೋನಿನ ನಕ್ಷೆಯಲ್ಲಿ ಗಿಡ ಇರುವ ಜಾಗವನ್ನು ಒತ್ತಿ ಹಿಡಿದರೆ ಎರಡು ಅಂಕಿ (ಅಕ್ಷಾಂಶ, ರೇಖಾಂಶ) ಬರುತ್ತವೆ. ಕೊಪ್ಪಳ ಪಟ್ಟಣದಲ್ಲಿ ಅದು 15.35, 76.15ರ ಆಸುಪಾಸು. ಪೂರ್ತಿ ಅಂಕಿ ಬರೆದುಕೊಳ್ಳಿ. ಕಾಂಡದ ಸುತ್ತಳತೆಯನ್ನು ನೆಲದಿಂದ ನಾಲ್ಕೂವರೆ ಅಡಿ ಮೇಲೆ, ಅಂದರೆ 1.37 ಮೀಟರ್ ಎತ್ತರದಲ್ಲಿ ಅಳೆಯಿರಿ. ಪ್ರತಿ ಸಲ ಅದೇ ಎತ್ತರ.

ಶ್ರೀಗಂಧ, ಸ್ಯಾಂಟಲಮ್ ಆಲ್ಬಮ್ ಸಿಕ್ಕರೆ ಜಾಗದ ಅಂಕಿಯನ್ನು ಎಲ್ಲೂ ಹಂಚಬೇಡಿ. ವಾಟ್ಸಾಪ್ ಗುಂಪಿಗಂತೂ ಬೇಡವೇ ಬೇಡ. ಕಳ್ಳರಿಗೆ ದಾರಿ ತೋರಿಸಿದಂತಾಗುತ್ತದೆ. ಗುಡ್ಡಕ್ಕೆ ಒಬ್ಬರೇ ಹೋಗಬೇಡಿ, ನಸುಕು ಮತ್ತು ಸಂಜೆ ಬೇಡ. ದರೋಜಿಯ ಸುತ್ತಲಿನ ಬಂಡೆ ಗುಡ್ಡಗಳಲ್ಲಿ ಕರಡಿ ಇವೆ, ಚಿರತೆಯೂ ಇದೆ. ಕರಡಿಧಾಮದ ಒಳಗೆ ಒಂದು ಎಲೆ ಕೀಳಲೂ ಅರಣ್ಯ ಇಲಾಖೆಯ ಅನುಮತಿ ಬೇಕು.

ಒಂದು ಪುಟ ಹೀಗಿರುತ್ತದೆ

ನನ್ನ ದಫ್ತರದ ಒಂದು ಪುಟ ಹಾಗೇ ಕೊಡುತ್ತೇನೆ.

ಪುಟ 12. ಊರ ಹೆಸರು: ಬಿಳಿಜಾಲಿ. ತೆಲುಗು: ತೆಲ್ಲ ತುಮ್ಮ. ವೈಜ್ಞಾನಿಕ ಹೆಸರು: ವ್ಯಾಚೆಲಿಯಾ ಲ್ಯೂಕೋಫ್ಲೋಯಿಯಾ. ಹಳೆಯದು: ಅಕೇಶಿಯಾ ಲ್ಯೂಕೋಫ್ಲೋಯಿಯಾ. ಜಾಗ: ಮಸಾರಿ ಹೊಲದ ಪಡುವಣ ಬದು, ತಾನಾಗಿ ಹುಟ್ಟಿದ್ದು. ಸುತ್ತಳತೆ: 1.42 ಮೀಟರ್. ಗುರುತು: ಬಿಳಿ ತೊಗಟೆ, ಕೆನೆಬಣ್ಣದ ಗೊಂಚಲು ಹೂವು. ಹೇಳಿದವರು: ಕುರಿ ಕಾಯುವ ಹಿರಿಯರು. ಖಚಿತವೋ, ಅನುಮಾನವೋ: ಖಚಿತ.

ಕೊನೆಯ ಸಾಲು ಬಹಳ ಮುಖ್ಯ. ಅನುಮಾನ ಇದ್ದರೆ ಅನುಮಾನ ಅಂತಲೇ ಬರೆಯಿರಿ. ತಪ್ಪು ಹೆಸರು ಬರೆದ ಪುಟಕ್ಕಿಂತ ಖಾಲಿ ಪುಟ ಮೇಲು.

ಹಬ್ಬದ ಲೆಕ್ಕದಲ್ಲಿ ತಿರುಗಿ ನೋಡಿ

ಒಂದು ಸಲ ನೋಡಿದರೆ ಗಿಡ ಪೂರ್ತಿ ಕಾಣುವುದಿಲ್ಲ. ಬಾರಿಹಣ್ಣು ಸಂಕ್ರಾಂತಿಯ ಹೊತ್ತಿಗೆ. ಶಿವರಾತ್ರಿಯ ಆಸುಪಾಸಿಗೆ ಮುತ್ತುಗ ಎಲೆ ಉದುರಿಸಿ ಕೆಂಡದಂಥ ಹೂವು ಹೊದೆಯುತ್ತದೆ. ಆ ಹದಿನೈದು ದಿನ ಬಿಟ್ಟರೆ ಗುಡ್ಡದಲ್ಲಿ ಅದನ್ನು ದೂರದಿಂದ ಹುಡುಕುವುದು ಕಷ್ಟ. ಯುಗಾದಿಗೆ ಬೇವಿನ ಹೂವು, ಹೊಂಗೆಯ ಚಿಗುರು. ಬಿಸಿಲು ಏರಿದ ಮೇಲೆ ಕಕ್ಕೆಯ ಹಳದಿ ಗೊಂಚಲು. ಕಾರಹುಣ್ಣಿಮೆಯ ನಂತರ ನೇರಳೆ ಹಣ್ಣು. ದಸರೆ, ದೀಪಾವಳಿಯ ನಡುವೆ ಸೀತಾಫಲ. ಪ್ರತಿ ಪುಟದ ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟು, ಹೋದಾಗಲೆಲ್ಲ ತಾರೀಕು ಹಾಕಿ ಒಂದು ಸಾಲು ಬರೆಯಿರಿ.

ಪಂಚಾಯಿತಿಗೂ ಒಂದು ಪ್ರತಿ

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮರ, ಪ್ರಾಣಿಪಕ್ಷಿ, ಅವುಗಳ ಬಗೆಗಿನ ಜನರ ತಿಳಿವಳಿಕೆಯನ್ನು ದಾಖಲಿಸುವುದು ಅದರ ಕೆಲಸ. ನಿಮ್ಮ ದಫ್ತರದ ಒಂದು ಜೆರಾಕ್ಸ್ ಪ್ರತಿ ಅಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಶ್ರೀಗಂಧದ ಪುಟದ ಜಾಗದ ಸಾಲು ಮುಚ್ಚಿ ಜೆರಾಕ್ಸ್ ಮಾಡಿಸಿ. ಇನ್ನೊಂದು ಪ್ರತಿ ಊರ ಶಾಲೆಗೆ.

ಖಾಲಿ ಉಳಿದ ಪುಟಗಳು

ಹೆಸರು ಸಿಗದ ಗಿಡಕ್ಕೂ ಪುಟ ಕೊಡಿ, ಸಂಖ್ಯೆ ಹಾಕಿ, ಎಲೆ ಅಂಟಿಸಿ ಬಿಡಿ. ನನ್ನ 31ನೇ ಪುಟ ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಇತ್ತು. ಬಳ್ಳಾರಿ ಕಡೆಯ ಗುಡ್ಡದಲ್ಲಿ ಸಿಕ್ಕ ಎಲೆ ಅದು. ಒಂದೇ ತೊಟ್ಟಿಗೆ ಎರಡು ಕಿರುಎಲೆ, ಎದುರುಬದುರು ಕೂತ ಚಿಟ್ಟೆಯ ರೆಕ್ಕೆಯಂತೆ. ದಸರೆಗೆ ಹಂಚುವ ಬೌಹಿನಿಯಾ ಇರಬೇಕು ಅಂದುಕೊಂಡಿದ್ದೆ. ಆದರೆ ಬೌಹಿನಿಯಾದ ಎಲೆ ಅರ್ಧಕ್ಕೆ ಮಾತ್ರ ಸೀಳಿರುತ್ತದೆ, ಇದು ಬುಡದವರೆಗೂ ಬೇರೆಯಾಗಿತ್ತು. ಹಗ್ಗ ಹೊಸೆಯುವ ಒಬ್ಬ ಅಜ್ಜನಿಗೆ ಪುಟ ತೋರಿಸಿದೆ. ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ‘ಕಮರ ಅಲ್ಲೇನು ಇದು? ಇದರ ನಾರು ಭಾಳ ಗಟ್ಟಿ ತಮ್ಮಾ’ ಅಂದರು. ಮನೆಗೆ ಬಂದು ಹುಡುಕಿದೆ. ಹಾರ್ಡ್ವಿಕಿಯಾ ಬೈನಾಟಾ. ‘ಬೈನಾಟಾ’ ಅಂದರೆ ಜೋಡಿ. ಪುಟ 31ರಲ್ಲಿ ಎರಡೂ ಹೆಸರು ಬರೆದು, ‘ಹೇಳಿದವರು’ ಅನ್ನುವಲ್ಲಿ ‘ಹಗ್ಗ ಹೊಸೆಯುವ ಅಜ್ಜ’ ಅಂತ ಸೇರಿಸಿದೆ. 34 ಮತ್ತು 40ನೇ ಪುಟ ಇನ್ನೂ ಖಾಲಿ ಇವೆ. ಎರಡೂ ಗಿಡ ಹೂವು ಬಿಡುವುದನ್ನು ಕಾಯುತ್ತಿದ್ದೇನೆ.